ಕಾಕಾ ಸುಲ್ತಾನರನ್ನು ಮಾತಾಡಿಸಲು ಹೋದದ್ದು

ಸತ್ತು ಮುನ್ನೂರು ನಾನೂರು ವರ್ಷವಾದವರ ಮನೆಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಎರಡೂ ಕೈ ಜೋಡಿಸಿ, "ಹೆಂಗಾತ್ರಿ ಇದು? ಮನ್ಯಾಗ ಉಳಿದವ್ರೆಲ್ಲ ಹೆಂಗದಾರ?" ಎಂದು ಕೇಳುವ ಮನುಷ್ಯರನ್ನು ನೀವು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅಂಥವರ ಮನೆತನಕ್ಕೆ ಸೊಸೆಯಾಗಿ ಬಂದು, ಅವರ ಬೆನ್ನ ಹಿಂದೆ ಕೈಜೋಡಿಸಿಕೊಂಡು ನಿಂತೂ ಇದ್ದೇನೆ!

ಅವರು ನನ್ನ ಗಂಡನ ಕಾಕಾ. ತೀರಿಕೊಂಡ ನನ್ನ ಮಾವನವರ ಬೆನ್ನಿಗೆ ಹುಟ್ಟಿದ ತಮ್ಮ. ಗಂಡ ಕರೆಯುವುದನ್ನು ಕೇಳಿ ಕೇಳಿ ನನಗೂ ಅವರು ಕಾಕಾ ಆದರು. ನಾವು ಇರುವುದು ಗೋಕಾಕಿನಲ್ಲಿ, ಅವರು ಮೂಡಲಗಿಯಲ್ಲಿ. ಅಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿಯ ಸದ್ದಿನ ಮೇಲೆ ತಮ್ಮ ಮಾತು ಕೇಳಿಸಬೇಕೆಂದು ಜೀವಮಾನವಿಡೀ ಕೂಗಿ ಮಾತಾಡಿ, ಗಿರಣಿ ಬಂದ್ ಇಟ್ಟ ಹೊತ್ತಿನಲ್ಲೂ ಅವರ ಮಾತು ಮಾತ್ರ ಅದೇ ಎತ್ತರದಲ್ಲಿ ನಡೆಯುತ್ತದೆ. ಅವರು ಮೂಡಲಗಿಯಿಂದ ಫೋನು ಮಾಡಿದರೆ ಗೋಕಾಕಿನಲ್ಲಿ ಫೋನಿನ ಅಗತ್ಯವಿದೆಯೇ ಎಂದು ನನಗೆ ಎಷ್ಟೋ ಸಲ ಅನುಮಾನ ಬಂದಿದೆ!

ಅವರ ಸಿದ್ಧಾಂತ ಬಹಳ ಸರಳ. ಹಳೆಯ ಕಟ್ಟಡ, ಸ್ಮಾರಕ, ಪ್ರೇಕ್ಷಣೀಯ ಸ್ಥಳ ಎಂಬುವು ಈ ಜಗತ್ತಿನಲ್ಲಿ ಇಲ್ಲವೇ ಇಲ್ಲ. ಇರುವುದೆಲ್ಲ ಮನೆಗಳು. ಕೆಲವು ಮನೆಗಳಲ್ಲಿ ಜನ ಓಡಾಡಿಕೊಂಡಿರುತ್ತಾರೆ, ಕೆಲವುಗಳಲ್ಲಿ ಮಲಗಿಕೊಂಡಿರುತ್ತಾರೆ. ಎರಡೂ ಕಡೆ ಹೋಗುವ ರೀತಿ ಒಂದೇ. ಕೈಬೀಸಿಕೊಂಡು ಹೋಗಬಾರದು, ಹೋದ ಕೂಡಲೇ ಯಾವ ಊರು, ಯಾರ ಪೈಕಿ ಎಂದು ಹೇಳಬೇಕು, ಬರುವಾಗ ಕೇಳದೆ ಎದ್ದು ಬರಬಾರದು.

ಇದು ನನಗೆ ತಿಳಿದದ್ದು ನನ್ನ ಕನ್ಯೆ ನೋಡುವ ದಿನ. ನನ್ನ ತವರು ಹುಕ್ಕೇರಿ. ಗಂಡಿನ ಕಡೆಯವರು ಬಂದು ಕೂತಿದ್ದರು. ನಾನು ಸೀರೆ ಉಟ್ಟು, ಅವಲಕ್ಕಿಯ ತಾಟು ಹಿಡಿದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆದರೆ ಯಾರೂ ನನ್ನನ್ನು ಹೊರಗೆ ಕರೆಯುತ್ತಿಲ್ಲ! ಕಾರಣವೇನೆಂದರೆ ಗಂಡಿನ ಕಾಕಾ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಜೊತೆ ಇಳಿದವರು ನಡುವೆ ಎಲ್ಲೋ ಮಾಯವಾಗಿದ್ದಾರೆ. ಹಿರಿಯರಿಲ್ಲದೆ ಮಾತು ಶುರುಮಾಡುವಂತಿಲ್ಲ. ನಮ್ಮ ಅಪ್ಪ ಗಡಿಯಾರ ನೋಡುತ್ತಾರೆ, ನಮ್ಮವ್ವ ಅವಲಕ್ಕಿ ನೋಡುತ್ತಾಳೆ, ಗಂಡು ನೆಲ ನೋಡುತ್ತಿದ್ದಾನೆ. ಕನ್ಯೆಯನ್ನು ನೋಡುವವರು ಮಾತ್ರ ಯಾರೂ ಇಲ್ಲ!

ಕೊನೆಗೆ ಕಾಕಾ ಬಂದರು. ಧೋತರದ ಅಂಚಿಗೆಲ್ಲ ಮುಳ್ಳು, ಅಂಗಾಲಿಗೆಲ್ಲ ಮಣ್ಣು.

"ಎಲ್ಲಿ ಹೋಗಿದ್ಯೋ ಮಾರಾಯಾ, ಮಂದಿ ಕಾಯಾಕತ್ತಾರ," ಎಂದು ಅವರ ವೈನಿ, ಅಂದರೆ ಅತ್ತಿಗೆ, ಈಗಿನ ನನ್ನ ಅತ್ತೆ, ಹಲ್ಲು ಕಚ್ಚಿ ಕೇಳಿದರು.

"ಊರಾಗ ಕಾಲಿಟ್ಟ ಮ್ಯಾಲ ಊರ ಹಿರ್ಯಾರ್ನ ಮೊದಲ ಮಾತಾಡಸಬೇಕಲ್ರಿ ವೈನಿ. ಅಲ್ಲಿ ಗುಮ್ಮಟದಾಗ ಮಲಗ್ಯಾರಲ್ಲ, ಅವರ ಕಡೆ ಹೋಗಿದ್ದೆ. ಹಿಂಗ ಹಿಂಗ, ನಿಮ್ಮೂರ ಹುಡುಗಿನ್ನ ಕೇಳಾಕ ಬಂದೇವಿ ಅಂತ ಹೇಳಿ ಬಂದೆ."

ನಮ್ಮ ಅಪ್ಪ ಅಲ್ಲಿಯವರೆಗೆ ಸಿಟ್ಟಿನಲ್ಲಿದ್ದವರು ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟರು: "ಏನಂದ್ರು ಅವ್ರು?"

"ಅವರದೇನೂ ತಕರಾರಿಲ್ಲ. ಇನ್ನ ನಿಮ್ಮದ ಅಷ್ಟ ಉಳೀತು ನೋಡ್ರಿ!"

ಕೋಣೆಯ ತುಂಬ ನಗು. ಹುಕ್ಕೇರಿಯಲ್ಲಿ ಹುಟ್ಟಿ ಬೆಳೆದ ನಮ್ಮ ಅಪ್ಪ ಸುಲ್ತಾನರ ಕಾಲದ ಆ ಗೋರಿ ಗುಮ್ಮಟಗಳ ಮುಂದೆ ದಿನವೂ ಓಡಾಡಿದವರು, ಒಳಗೆ ಯಾರಿದ್ದಾರೆಂದು ಒಂದು ಸಲವೂ ಇಣುಕಿ ನೋಡಿದವರಲ್ಲ. ಆ ರಾತ್ರಿ ಅವ್ವನಿಗೆ ಹೇಳಿದರಂತೆ: "ಸತ್ತವರನ್ನ ಇಷ್ಟ್ ಚೊಲೊತ್ನಾಗ ಮಾತಾಡಸೂ ಮನಿತನ, ನಮ್ಮ ಮಗಳನ್ನ ಮಾತಾಡಸದ ಬಿಟ್ಟಾರೇನು?" ಹೀಗೆ, ಗಂಡಿನ ಪಗಾರ ಎಷ್ಟು, ಹೊಲ ಎಷ್ಟು ಎಂಬ ಯಾವ ಚೌಕಾಶಿಯೂ ಇಲ್ಲದೆ ನನ್ನ ಮದುವೆ ಗೊತ್ತಾಯಿತು.

'ಮಾತಾಡಿಸುವುದು' ಎಂದರೆ ನಮ್ಮ ಕಡೆ ಬರೀ ಮಾತಾಡಿಸುವುದಲ್ಲ. ಯಾರಾದರೂ ತೀರಿಕೊಂಡರೆ ಅವರ ಮನೆಗೆ ಹೋಗಿ, ಉಳಿದವರ ಬಾಜೂ ಕೂತು ಬರುವುದಕ್ಕೂ ಮಾತಾಡಿಸಲು ಹೋಗುವುದು ಎಂದೇ ಹೆಸರು. ಅದರಲ್ಲಿ ಕಾಕಾನನ್ನು ಮೀರಿಸಿದವರು ಸುತ್ತಲ ಹಳ್ಳಿಗಳಲ್ಲಿ ಯಾರೂ ಇಲ್ಲ. ಉಳಿದವರೆಲ್ಲ ಹೋಗಿ, "ಇರ್ಲಿ ಬಿಡ್ರಿ, ದೇವರ ಇಚ್ಛಾ, ಸಮಾಧಾನ ಮಾಡಕೊಳ್ರಿ" ಎಂದು ಹೇಳಿ ಚಹಾ ಕುಡಿದು ಬರುತ್ತಾರೆ. ಕಾಕಾ ಸಮಾಧಾನ ಹೇಳುವುದೇ ಇಲ್ಲ. ಅವರು ಕೇಳುತ್ತಾರೆ. ಮುದುಕ ಹಿಂದಿನ ದಿನ ಏನು ಉಂಡಿದ್ದ? ಕೊನೆಗೆ ಯಾರ ಹೆಸರು ಕರೆದ? ಕೋಲು ಎಲ್ಲಿ ಇಡುತ್ತಿದ್ದ? ಚಹಾಕ್ಕೆ ಸಕ್ಕರೆ ಎಷ್ಟು ಹಾಕಿಸಿಕೊಳ್ಳುತ್ತಿದ್ದ? ಹೀಗೆ ಅವರು ಕೇಳುತ್ತ ಹೋದಂತೆ ಮನೆಯವರು ಅಳುತ್ತಾರೆ, ಅಳುತ್ತ ಅಳುತ್ತ ಯಾವುದೋ ಒಂದು ಮಾತಿಗೆ ನಕ್ಕುಬಿಡುತ್ತಾರೆ. ಆಗ ಕಾಕಾ ಎದ್ದು ಬರುತ್ತಾರೆ. ಅಷ್ಟರಲ್ಲಿ ಅವರು ಗಿರಣಿಯಲ್ಲಿ ಸಾಲಾಗಿ ನಿಲ್ಲಿಸಿ ಬಂದ ಹೆಂಗಸರು ಅವರನ್ನು ಬೈದು ಬೈದು, ಜೋಳದ ಬುಟ್ಟಿ ಹೊತ್ತು ಬೇರೆ ಗಿರಣಿಗೆ ಹೋಗಿರುತ್ತಾರೆ!

ಇಂಥ ಕಾಕಾ ಒಂದು ಕಡೆ ಮಾತ್ರ ಸುಮ್ಮನಾದರು.

ಕಳೆದ ಮಳೆಗಾಲದಲ್ಲಿ ನನಗೊಂದು ಹೆಣ್ಣು ಕೂಸು ಹುಟ್ಟಿತು. ಹುಟ್ಟಿತು ಎನ್ನಬೇಕೋ ಬೇಡವೋ ನನಗೆ ಗೊತ್ತಿಲ್ಲ. ಅದು ಅಳಲಿಲ್ಲ.

ದೊಡ್ಡವರು ಹೋದರೆ ಮನೆ ತುಂಬ ಜನ ಬರುತ್ತಾರೆ. ಹೆಸರಿಡದ ಕೂಸಿಗಾಗಿ ಮಾತಾಡಿಸಲು ಯಾರು ಬರುತ್ತಾರೆ? ಆ ಪದ್ಧತಿಯೇ ಇಲ್ಲ. ಅತ್ತೆ ಮನೆಯವರಿಗೆಲ್ಲ ಹೇಳಿಟ್ಟಿದ್ದರು: "ಆ ಮಾತ ಯಾರೂ ತಗೀಬ್ಯಾಡ್ರಿ. ಮರೀಲಿ ಹುಡುಗಿ." ತಾವೇ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದಿದ್ದ ಸಣ್ಣ ಕೌದಿಯನ್ನು ಟ್ರಂಕಿನ ತಳಕ್ಕೆ ಹಾಕಿದರು. ನನ್ನ ಗಂಡ ನನ್ನ ಜೊತೆ ಕರೆಂಟ್ ಬಿಲ್ಲಿನ ಮಾತಾಡುತ್ತಿದ್ದರು, ಗಾಡಿಯ ಟೈರಿನ ಮಾತಾಡುತ್ತಿದ್ದರು. ನಾನು ಮತ್ತೆ ಶಾಲೆಗೆ ಹೋಗತೊಡಗಿದೆ. ಅಲ್ಲಿಯೂ ಜೊತೆಯ ಟೀಚರುಗಳು ನಾನು ಒಳಗೆ ಬಂದ ಕೂಡಲೇ ತಮ್ಮ ಮಕ್ಕಳ ಸುದ್ದಿ ನಿಲ್ಲಿಸಿ ಹವಾಮಾನದ ಸುದ್ದಿ ಎತ್ತುತ್ತಿದ್ದರು. ಎಲ್ಲರೂ ಒಳ್ಳೆಯವರೇ. ಯಾರನ್ನು ದೂರಲಿ?

ಕಾಕಾ ಒಂದು ದಿನ ಬಂದಿದ್ದರು. ಹೆಗಲ ಮೇಲೆ ಜೋಳದ ಹಿಟ್ಟಿನ ಚೀಲ. ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು. ಅತ್ತೆ ಹಿಂದಿನಿಂದ ಬೇಡ ಎಂಬಂತೆ ಕಣ್ಣಿನಲ್ಲೇ ಹೇಳಿದ್ದು ನನಗೂ ಕಂಡಿತು. ಕಾಕಾ ಚೀಲ ಇಳಿಸಿ, ಹಾಗೇ ತಿರುಗಿ ಬಸ್ಸಿಗೆ ಹೋದರು. ಸುಲ್ತಾನರನ್ನೂ ಬಿಡದೆ ಮಾತಾಡಿಸುವ ಮನುಷ್ಯ ನನ್ನನ್ನು ಬಿಟ್ಟರಲ್ಲ ಎಂದು ಆ ಹಿಟ್ಟಿನಲ್ಲಿ ರೊಟ್ಟಿ ಬಡಿಯುವಾಗಲೆಲ್ಲ ಅನಿಸುತ್ತಿತ್ತು.

ಚಳಿಗಾಲ ಬಂತು. ಹುಡುಗಿಯ ಮನಸ್ಸು ಹಗುರಾಗಲಿ, ಒಂದು ದಿನ ಎಲ್ಲಾದರೂ ಹೋಗಿಬರೋಣ ಎಂದು ಅತ್ತೆಯೇ ಮಾತು ತೆಗೆದರು. ಬಿಜಾಪುರ ಎಂದು ಗೊತ್ತಾಯಿತು. ಬೋರ್ಡಿನ ಮೇಲೆ ಈಗ ವಿಜಯಪುರ ಎಂದಿದ್ದರೂ ನಮ್ಮ ಬಾಯಲ್ಲಿ ಇನ್ನೂ ಬಿಜಾಪುರವೇ. ನಾನು, ನನ್ನ ಗಂಡ, ಅತ್ತೆ. ದಾರಿಯಲ್ಲಿ ಮೂಡಲಗಿಯಲ್ಲಿ ಕಾಕಾ ಮತ್ತು ಕಾಕಿಯನ್ನು ಹತ್ತಿಸಿಕೊಳ್ಳುವುದು.

ಹಿಂದಿನ ದಿನ ಕಾಕಾನ ಫೋನು. "ಯವ್ವಾ, ಬರುವಾಗ ಕರದಂಟು ತಗೊಂಡ ಬಾ. ಚೊಲೋ ಅಂಗಡ್ಯಾಂದ. ಗೋಕಾಕ ಕಡ್ಯಾವ್ರು ಅಂತ ಹೇಳಿ ಕರದಂಟ ಇಲ್ಲದ ಹೋದ್ರ ಏನ ಚಂದ?"

"ಯಾರ ಮನಿಗ್ರಿ ಕಾಕಾ?"

"ಹಂಗಂದ್ರ? ಬಿಜಾಪುರಕ್ಕ ಹೊಂಟೇವಲ್ಲ!"

ಮೂಡಲಗಿ ತಲುಪಿದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಗಿರಣಿಯ ಕಟ್ಟೆಯ ಮೇಲೆ ಕಾಕಾ ಸಿದ್ಧರಾಗಿ ನಿಂತಿದ್ದರು. ಇಸ್ತ್ರಿ ಮಾಡಿದ ಧೋತರ, ಕರಿ ಕೋಟು, ತಲೆಗೆ ಜರಿಯ ಪಟಕಾ, ಹಣೆ ತುಂಬ ವಿಭೂತಿ. ಮದುವೆಯಲ್ಲಿ ಮಾವನಾಗಿ ನಿಲ್ಲುವವರೂ ಇಷ್ಟು ಸಿಂಗರಿಸಿಕೊಂಡಿರುವುದಿಲ್ಲ! ಅವರು ಗಾಡಿ ಹತ್ತುವ ಮೊದಲು ಒಳಗೆ ಇಣುಕಿ ನನ್ನ ಗಂಡನನ್ನು ನೋಡಿದರು. ಪಾಪ, ನಮ್ಮವರು ಪ್ರವಾಸವೆಂದು ಹುರುಪಿನಿಂದ ಬಣ್ಣದ ಟೀ-ಶರ್ಟು, ಮೊಣಕಾಲಿನವರೆಗಿನ ಚಡ್ಡಿ ಹಾಕಿದ್ದರು.

"ಇಳಿ ಕೆಳಗ," ಎಂದರು ಕಾಕಾ.

"ಯಾಕ ಕಾಕಾ?"

"ಚಡ್ಡಿ ಮ್ಯಾಲ ಬಾದಶಹಾರ ಮುಂದ ನಿಂದರ್ತೀ ಏನು? ಮನ್ಯಾಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನು ಅಂದಾರು ಅವ್ರು!"

"ಅವ್ರೇನ ನೋಡ್ತಾರ ಕಾಕಾ?"

"ಅವ್ರು ನೋಡದಿದ್ರ ನಾ ನೋಡ್ತೇನಿ. ಇಳಿ."

ಕೊನೆಗೆ ನಮ್ಮವರು ಕಾಕಾನ ಬಿಳಿ ಜುಬ್ಬಾ, ಪೈಜಾಮ ಹಾಕಿಕೊಂಡು ಹೊರಗೆ ಬಂದರು. ಗಿರಣಿಯ ಮೇಲಿನ ಮನೆಯಲ್ಲಿ ಗೂಟಕ್ಕೆ ತೂಗುಹಾಕಿದ ಬಟ್ಟೆ. ಎಷ್ಟು ಝಾಡಿಸಿದರೂ ಹಿಟ್ಟು ಹೋಗಲಿಲ್ಲ. ಜಮಖಂಡಿ ದಾಟುವವರೆಗೂ ನನ್ನ ಗಂಡ ಸೀನುತ್ತಲೇ ಗಾಡಿ ಓಡಿಸಿದರು. ಹಿಂದೆ ಕೂತ ಕಾಕಿ ಪ್ರತಿ ಸೀನಿಗೂ, "ನಾ ಮದುವ್ಯಾದಾಗಿಂದ ಸೀನಾಕತ್ತೇನಿ, ನಿನಗ ಒಂದ್ ದಿನಕ್ಕ ಏನಾತು?" ಎಂದು ಹೇಳುತ್ತಿದ್ದಳು.

ಗೋಳಗುಮ್ಮಟದ ಬಾಗಿಲಲ್ಲಿ ನಮ್ಮ ಚೀಲ ತೆರೆಸಿದರು. ಕಾವಲಿನವನು ಕರದಂಟಿನ ಡಬ್ಬಿಗಳನ್ನು ಹೊರಗೆ ತೆಗೆದಿಟ್ಟ.

"ಅಜ್ಜಾರ, ತಿನ್ನೂ ಸಾಮಾನು ಒಳಗ ಒಯ್ಯಾಕ ಬರೂದಿಲ್ರಿ."

"ತಿನ್ನಾಕಲ್ಲೊ ತಮ್ಮಾ, ಕೊಡಾಕ."

"ಯಾರಿಗ್ರಿ?"

"ಒಳಗ ಇದ್ದವರಿಗೆ."

"ಒಳಗ ಯಾರದಾರ್ರಿ?"

ಕಾಕಾ ಒಂದು ಕ್ಷಣ ಅವನನ್ನೇ ನೋಡಿದರು. "ಇಷ್ಟ್ ದೊಡ್ಡ ಮನಿ ಕಾಯಾಕತ್ತಿ, ಒಳಗ ಯಾರದಾರಂತ ನಿನಗ ಗೊತ್ತಿಲ್ಲೇನು?"

ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾವಲಿನವನೂ ನಕ್ಕ. ಆದರೆ ನಿಯಮ ನಿಯಮವೇ, ಡಬ್ಬಿ ಒಳಗೆ ಬಿಡಲಿಲ್ಲ. ಕಾಕಾ ಸ್ವಲ್ಪ ಹೊತ್ತು ವಿಚಾರ ಮಾಡಿ, "ಇರ್ಲಿ, ಮನಿ ಕಾಯಾಂವನೂ ಮನ್ಯಾವನ. ನೀನ ತಗೋ. ಅವ್ರ ಪರವಾಗಿ ತಿನ್ನು," ಎಂದು ಒಂದು ಡಬ್ಬಿ ಅವನ ಕೈಗೇ ಕೊಟ್ಟರು. ಉಳಿದುದನ್ನು ಅಲ್ಲಿಯೇ ನಿಂತು ಸಾಲಿನವರಿಗೆಲ್ಲ ಹಂಚಿಬಿಟ್ಟರು. ಟಿಕೆಟು ತೆಗೆಸಲು ನಿಂತವರು ಇದು ಟಿಕೆಟಿನ ಜೊತೆ ಸಿಗುವ ಪ್ರಸಾದವೆಂದು ತಿಳಿದು ಎರಡನೆಯ ಸಲವೂ ಕೈ ಚಾಚಿದರು!

ಒಳಗೆ ಹೋದೆವು. ಹೊರಗಿನಿಂದ ಎಷ್ಟು ದೊಡ್ಡದೆಂದುಕೊಂಡರೂ ಒಳಗೆ ಹೋದ ಮೇಲೆ ಅದು ಮತ್ತೂ ದೊಡ್ಡದಾಗುತ್ತದೆ. ಆಕಾಶಕ್ಕೇ ಮಾಡು ಹಾಕಿದಂತೆ. ನಡುವಿನ ಎತ್ತರದ ಕಟ್ಟೆಯ ಮೇಲೆ ಸುಲ್ತಾನ, ಅವನ ಮನೆಮಂದಿ. ಕಾಕಾ ಕಟ್ಟೆಯ ಮುಂದೆ ನಿಂತು ಕೋಟು ಸರಿಮಾಡಿಕೊಂಡರು.

"ಶರಣ್ರಿ. ಮೂಡಲಗಿಯಿಂದ ಬಂದೇವ್ರಿ, ಗಿರಣಿಯವ್ರು. ಇಕಿ ನಮ್ಮ ಮನಿಯಾಕಿ. ಇವ್ರು ನಮ್ಮ ವೈನಿ, ಗೋಕಾಕದಾಗ ಇರ್ತಾರ. ಇಂವ ನಮ್ಮ ಅಣ್ಣನ ಮಗ." ಆಮೇಲೆ ನನ್ನ ಕಡೆ ತಿರುಗಿದರು. ದನಿ ಇದ್ದಕ್ಕಿದ್ದಂತೆ ಇಳಿಯಿತು. "ಇಕಿ ನಮ್ಮ ಸೊಸಿ. ಸಾಲ್ಯಾಗ ಕಲಸ್ತಾಳ." ಅಷ್ಟು ಹೇಳಿ ನಿಲ್ಲಿಸಿದರು.

ಬಾಜೂಕ್ಕೆ ಪುಣೆಯ ಕಡೆಯಿಂದ ಬಂದಿದ್ದ ಒಂದು ಕುಟುಂಬ ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿತ್ತು. ಇಲ್ಲಿಯ ಪದ್ಧತಿಯೇ ಹೀಗಿರಬೇಕೆಂದು ಅವರಿಗೆ ಅನಿಸಿರಬೇಕು. ನಾವು ಸರಿದ ಕೂಡಲೇ ಆ ಮನೆಯ ಯಜಮಾನ ಮುಂದೆ ಬಂದು, ಮರಾಠಿಯಲ್ಲಿ ತನ್ನ ಹೆಸರು, ಊರು, ಹೆಂಡತಿ ಮಕ್ಕಳ ಹೆಸರು ಹೇಳಿ ಸುಲ್ತಾನನಿಗೆ ಕೈಮುಗಿದು ಹೋದ!

"ಅಲ್ಲ ಕಾಕಾ, ಅವರ ಧರ್ಮ ಬ್ಯಾರೆ, ನಮ್ಮದು ಬ್ಯಾರೆ. ಶರಣು ಅಂದ್ರ ನಡೀತೈತೇನು?" ಎಂದು ನಮ್ಮವರು ಚೇಷ್ಟೆಗೆ ಕೇಳಿದರು.

"ಅವ್ರೂ ಮಣ್ಣಾಗ ಇಡಾವ್ರ, ನಾವೂ ಮಣ್ಣಾಗ ಇಡಾವ್ರ. ಮತ್ತೇನ ಫರಕೋ?"

ಕಾಕಿ ಮತ್ತು ಅತ್ತೆ ಮೊಣಕಾಲು ನೋವೆಂದು ಕೆಳಗೇ ಕೂತರು. ನಾವು ಮೂವರು ಸುರುಳಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮೇಲಿನ ಪಿಸುಗುಟ್ಟುವ ಮೊಗಸಾಲೆ ತಲುಪಿದೆವು. ಹೆಸರಿಗಷ್ಟೇ ಪಿಸುಗುಟ್ಟುವುದು! ಅಲ್ಲಿ ಯಾವನೂ ಪಿಸುಗುಟ್ಟುತ್ತಿರಲಿಲ್ಲ. ಯಾವುದೋ ಕಾಲೇಜಿನ ಹುಡುಗರ ದಂಡು. ಒಬ್ಬ ಸೀಟಿ ಹೊಡೆಯುತ್ತಾನೆ, ಒಬ್ಬ ನಾಯಿಯಂತೆ ಬೊಗಳುತ್ತಾನೆ, ಇನ್ನೊಬ್ಬ ತನ್ನ ಗೆಳತಿಯ ಹೆಸರು ಕೂಗುತ್ತಾನೆ. ಅವೆಲ್ಲ ಗುಮ್ಮಟ ಸುತ್ತಿ ಸುತ್ತಿ ಮತ್ತೆ ಮತ್ತೆ ತಲೆಯ ಮೇಲೆ ಬಂದು ಬೀಳುತ್ತವೆ. ಒಂದೇ ಸಲಕ್ಕೆ ಹತ್ತು ಜಾತ್ರೆ ಸೇರಿದಂತೆ!

ಕಾಕಾನ ಮುಖ ಕೆಂಪಾಯಿತು. ಕಟಾಂಜನ ಹಿಡಿದು, ಗಿರಣಿಯ ದನಿ ತೆಗೆದು, ಒಂದೇ ಒಂದು ಸಲ ಕೂಗಿದರು:

"ಏಯ್! ಮಂದಿ ಮಲಗಿದ ಮನ್ಯಾಗ ಹಿಂಗ ಒದರ್ತಾರೇನೋ!"

ಆ ಮಾತು ಎದುರಿನ ಗೋಡೆಗೆ ಹೋಗಿ ಬಂತು. ಮತ್ತೆ ಬಂತು. ಒದರ್ತಾರೇನೋ... ಒದರ್ತಾರೇನೋ... ಎಡಗಡೆಯಿಂದ ಬಂತು, ಬಲಗಡೆಯಿಂದ ಬಂತು, ನೆತ್ತಿಯ ಮೇಲಿನಿಂದ ಬಂತು. ಅದು ಪೂರ್ತಿ ಅಡಗುವ ಹೊತ್ತಿಗೆ ಇಡೀ ಗೋಳಗುಮ್ಮಟದಲ್ಲಿ ಒಂದು ಪಾರಿವಾಳದ ರೆಕ್ಕೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಾಲೇಜಿನ ಹುಡುಗರು ಕೈಕಟ್ಟಿ ನಿಂತಿದ್ದರು. ಆ ಜಾಗದಲ್ಲಿ ಅಂಥ ಮೌನ ತಂದವರು ಬೇರೆ ಯಾರಾದರೂ ಇದ್ದರೆ ತೋರಿಸಿ!

ಕಾಕಾ ತಾವೇ ಬೆಚ್ಚಿಬಿದ್ದಿದ್ದರು. ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ನಾ ಒಮ್ಮೆ ಅಷ್ಟ ಅಂದೇನವ್ವ. ಉಳದದ್ದೆಲ್ಲ ಅವರ ಅಂದಾರ!"

ನಾನು ನಕ್ಕೆ. ಆ ಮಳೆಗಾಲದ ನಂತರ ಸದ್ದು ಬರುವಂತೆ ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ಒಂಥರಾ ಭಯವೂ ಆಯಿತು, ನಗಬಾರದಿತ್ತೇನೋ ಎಂಬಂತೆ. ಕಾಕಾ ಅದನ್ನು ಗಮನಿಸಿದರೋ ಇಲ್ಲವೋ ಗೊತ್ತಿಲ್ಲ. ಇಳಿಯುವಾಗ ಮೆಟ್ಟಿಲಿನ ಕತ್ತಲೆಯಲ್ಲಿ ನನ್ನ ಕೈ ಬಿಡದೆ ಹಿಡಿದುಕೊಂಡು ಇಳಿದರು.

ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ ಬಾರಾ ಕಮಾನಿಗೆ ಹೋದೆವು. ಗೋಳಗುಮ್ಮಟಕ್ಕಿಂತ ದೊಡ್ಡ ಗೋರಿ ಕಟ್ಟಿಸಬೇಕೆಂದು ಹೊರಟ ಸುಲ್ತಾನನ ಕೆಲಸ ಅರ್ಧಕ್ಕೇ ನಿಂತ ಜಾಗ ಅದು. ಮೇಲೆ ಛಾವಣಿಯಿಲ್ಲ, ಸುತ್ತ ಗೋಡೆಯಿಲ್ಲ. ಕರಿ ಕಲ್ಲಿನ ಕಮಾನುಗಳು ಬರಿಯ ಆಕಾಶ ಹೊತ್ತು ನಿಂತಿವೆ. ಕಾಕಾ ಅಲ್ಲಿ ಹುಲ್ಲಿನ ಮೇಲೆ ಕುಸಿದೇ ಕೂತರು. ಅವರಿಗೆ ಆದ ಸಂಕಟ ಆ ಸುಲ್ತಾನನಿಗೂ ಆಗಿರಲಿಕ್ಕಿಲ್ಲ.

"ಪಾಪ! ಗವಂಡಿ ಕೈ ಕೊಟ್ಟಿರಬೇಕು ನೋಡ. ಇಲ್ಲಾ ಉಸುಕ ಬಂದಿರಾಕಿಲ್ಲ. ಈ ಮನಿ ಕಟ್ಟೂ ತ್ರಾಸ ಕಟ್ಟಿಸಿದಾಂವಗ ಗೊತ್ತು."

ಇದರ ಹಿನ್ನೆಲೆ ನಿಮಗೆ ಹೇಳಬೇಕು. ಗಿರಣಿಯ ಮೇಲೆ ಕಾಕಾ ಒಂದು ಅಂತಸ್ತು ಎಬ್ಬಿಸಿದ್ದಾರೆ. ಅದರ ಮೇಲೆ ಇನ್ನೊಂದು ಎಬ್ಬಿಸಬೇಕೆಂದು ಕಂಬಗಳ ತುದಿಯಲ್ಲಿ ಕಬ್ಬಿಣದ ಸಳಿ ಬಿಟ್ಟಿದ್ದಾರೆ. ಆ ಸಳಿಗಳು ನಾನು ಸೊಸೆಯಾಗಿ ಬರುವ ಮೊದಲಿನಿಂದ ಹಾಗೇ ಆಕಾಶ ನೋಡುತ್ತ ನಿಂತಿವೆ. ಕಾಕಿ ಅವುಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾಳೆ.

ಕಾಕಿ ಕಮಾನುಗಳನ್ನು ಒಂದು ಸಲ, ಗಂಡನನ್ನು ಒಂದು ಸಲ ನೋಡಿ ಹೇಳಿದಳು: "ಚಿಂತಿ ಮಾಡಬ್ಯಾಡ್ರಿ. ನಮ್ಮನೀನೂ ಹಂಗ ಬಿಡ್ರಿ. ಮುಂದ ಮಂದಿ ಟಿಕೆಟ್ ತಗಸಿ ನೋಡಾಕ ಬರ್ತಾರ!"

ಅತ್ತೆ ನಕ್ಕು ನಕ್ಕು ಕೆಮ್ಮಿದರು. ಕಾಕಾ ಮಾತ್ರ ಗಂಭೀರವಾಗಿ ಎದ್ದು ನಿಂತು, ಅಲ್ಲಿ ಮಲಗಿದ್ದವರಿಗೆ ಕೈಮುಗಿದು, "ಇಷ್ಟಾದ್ರೂ ಆತಲ್ರಿ. ಚಂದ ಆಗೈತಿ. ಮನಸ್ಸಿಗಿ ಹಚಗೋಬ್ಯಾಡ್ರಿ," ಎಂದು ಹೇಳಿ ಬಂದರು. ನಗುತ್ತಿದ್ದ ನಾನು ಆ ಮಾತು ಕೇಳಿ ನಗು ನಿಲ್ಲಿಸಿದೆ.

ಕೊನೆಗೆ ಹೋದದ್ದು ಇಬ್ರಾಹಿಂ ರೋಜಾಕ್ಕೆ. ಹೊತ್ತು ಇಳಿಯುತ್ತಿತ್ತು. ಜನ ಕಡಿಮೆ. ಎತ್ತರದ ಕಟ್ಟೆಯ ಮೇಲೆ ಒಂದಕ್ಕೊಂದು ಎದುರಾಗಿ ಎರಡು ಕಟ್ಟಡ, ಒಂದು ಮಸೀದಿ, ಒಂದು ಗೋರಿ. ಕಲ್ಲನ್ನು ಕಸೂತಿ ಬಟ್ಟೆಯಂತೆ ಕೊರೆದಿದ್ದಾರೆ. ಸುಲ್ತಾನ ಇದನ್ನು ತನ್ನ ಹೆಂಡತಿಗಾಗಿ ಕಟ್ಟಿಸತೊಡಗಿದ್ದನಂತೆ, ಆದರೆ ತಾನೇ ಮೊದಲು ತೀರಿಕೊಂಡು ಇಲ್ಲಿ ಮಲಗಿದನಂತೆ ಎಂದು ನಾನು ಓದಿದ್ದನ್ನು ಹೇಳಿದೆ.

"ಹೆಂಡ್ತಿಗಂತ ಕಟ್ಟಿಸಿ ತಾ ಮೊದಲ ಹೋಗಿ ಮಲಕೊಂಡ್ನೇನು?" ಎಂದಳು ಕಾಕಿ. "ನಮ್ಮನ್ಯಾಗೂ ಹಂಗ. ಹಾಸಿಗಿ ಹಾಸಾಕಿ ನಾನು!"

ಹೀಗೆ ನಗುತ್ತಲೇ ಒಳಗೆ ಹೋದೆವು. ಒಳಗೆ ತಂಪು, ಅರೆಗತ್ತಲೆ. ಕೊರೆದ ಕಲ್ಲಿನ ಕಿಟಕಿಗಳಿಂದ ಬೆಳಕು ಚೂರು ಚೂರಾಗಿ ನೆಲದ ಮೇಲೆ ಬಿದ್ದಿತ್ತು. ಗೋರಿಗಳು ಸಾಲಾಗಿದ್ದವು. ದೊಡ್ಡವುಗಳ ನಡುವೆ ಒಂದು ಸಣ್ಣದಿತ್ತು.

ಬಾಗಿಲ ಹತ್ತಿರವಿದ್ದ ಕಾವಲುಗಾರನನ್ನು ಕಾಕಾ 'ಆ ಸಣ್ಣದು ಯಾರದ್ರಿ?' ಎಂದು ಕೇಳಿದರು.

"ಮನಿ ಕೂಸಿಂದ ಇರಬೇಕ್ರಿ ಅಜ್ಜಾರ. ನನಗೂ ಸರಿ ಗೊತ್ತಿಲ್ಲ," ಎಂದು ಅವನು ಹೊರಗೆ ಹೋದ.

ನಾನು ಅದರ ಮುಂದೆ ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಕಾಕಾ ಬಂದು ನನ್ನ ಬಾಜೂ ನಿಂತರು. ಈಗ ಊರು ಹೇಳುತ್ತಾರೆ, ಶರಣು ಹೇಳುತ್ತಾರೆ ಎಂದುಕೊಂಡೆ. ಆದರೆ ಅವರು ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತರು. ನಾನೂ ಕೂತೆ.

"ಯವ್ವಾ," ಎಂದರು. ಅವರಿಗೆ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಅಂದು ಗೊತ್ತಾಯಿತು.

"ಏನ್ರಿ ಕಾಕಾ."

"ನಾ ಆವತ್ತ ನಿನ್ನ ಮಾತಾಡಸಾಕ ಬಂದಿದ್ನಿ."

"ಗೊತ್ತೈತ್ರಿ."

"ಬಾಗಲದಾಗ ನಿಂತು ಹಂಗ ಹೋದ್ನಿ. ವೈನಿ ಬ್ಯಾಡ ಅಂದ್ರು ಅಂತಲ್ಲ. ಏನ ಕೇಳಬೇಕು ಅಂತ ತಿಳೀಲಿಲ್ಲವ್ವ ನನಗ. ಮುದುಕ್ರು ಹೋದ್ರ ಕಡೀಕ ಏನಂದ್ರು ಅಂತ ಕೇಳತೇನಿ. ಇದು ಒಂದ್ ಮಾತೂ ಆಡಲಿಲ್ಲಲ್ಲ. ಏನಂತ ಕೇಳ್ಲಿ? ಇಷ್ಟ ದಿನಾ ಅದ ವಿಚಾರ ಮಾಡಾಕತ್ತೇನಿ."

ನಾನು ತಲೆ ಎತ್ತಲಿಲ್ಲ.

"ಇವತ್ತ ಕೇಳತೇನಿ. ಹೆಂಗಿತ್ತವ್ವಾ ನಮ್ಮ ಕೂಸು?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನನ್ನ ಗಂಡ ಕೇಳಿರಲಿಲ್ಲ, ಹುಕ್ಕೇರಿಯಿಂದ ಬಂದು ವಾರಗಟ್ಟಲೆ ಇದ್ದ ನಮ್ಮವ್ವ ಕೇಳಿರಲಿಲ್ಲ. ಅದು ಹೇಗಿತ್ತು ಎಂದು ಕೇಳಿದರೆ ಅದು ಇತ್ತು ಎಂದಾಗುತ್ತದಲ್ಲ! ನಾನು ಬಾಯಿ ತೆರೆದೆ. ಬರಿ ಉಸಿರು ಬಂತು. ಕಾಕಾ ಅಳಬೇಡ ಎನ್ನಲಿಲ್ಲ, ಬೆನ್ನು ಸವರಲಿಲ್ಲ. ನೆಲ ನೋಡುತ್ತ ಕಾದರು.

"ತಲಿ ತುಂಬ ಕೂದಲಿದ್ದುವ್ರಿ," ಎಂದೆ. "ಕರ್ರಗ."

"ಹೂಂ. ಮತ್ತ?"

"ಬೆರಳು ಉದ್ದ ಇದ್ದುವು. ಉಗುರೂ ಇದ್ದುವ್ರಿ ಕಾಕಾ, ಸಣ್ಣ ಸಣ್ಣ."

"ಮತ್ತ?"

"ಮುಖ ಸಿಟ್ಟಿಲೆ ಇದ್ದಂಗ ಇತ್ತು. ಯಾರೋ ನಿದ್ದಿ ಕೆಡಿಸ್ಯಾರ ಅನ್ನೂ ಹಂಗ."

"ಗದ್ದದಾಗ ಕುಣಿ ಇತ್ತು."

ಇದನ್ನು ಹೇಳಿದ್ದು ನಾನಲ್ಲ. ತಿರುಗಿ ನೋಡಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಸೆರಗು ಬಾಯಿಗೆ ಒತ್ತಿಕೊಂಡು. "ನನ್ನ ಮಗಗ ಸಣ್ಣಾಂವಿದ್ದಾಗ ಇತ್ತಲ್ಲ, ಹಂಗ. ಅದನ್ನ ಒರಸಿ, ಅರಿವ್ಯಾಗ ಸುತ್ತಿ ಕೊಟ್ಟಾಕಿ ನಾನ. ಎಷ್ಟೊತ್ತು ತೊಡಿ ಮ್ಯಾಲ ಇಟಗೊಂಡ ಕುಂತಿದ್ನಿ."

ನನಗೆ ಅದು ಗೊತ್ತಿರಲಿಲ್ಲ. ಒಂದೇ ಒಲೆಯ ಮುಂದೆ ದಿನವೂ ನಿಂತು, ಆಕೆ ಸುಟ್ಟ ರೊಟ್ಟಿ ನಾನು ಉಂಡು, ನಾನು ಮಾಡಿದ ಪಲ್ಯ ಆಕೆ ಉಂಡು, ಇಬ್ಬರೂ ಒಂದೇ ಕೂಸನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡಿದ್ದೆವು. ಕಾಕಿ ಸರಿದು ಅತ್ತೆಯ ಕೈ ಹಿಡಿದಳು. ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಹಿಟ್ಟಿನ ವಾಸನೆಯ ಆ ಬಿಳಿ ಜುಬ್ಬಾದಲ್ಲಿ ಅವರ ಹೆಗಲು ಅಲುಗುತ್ತಿತ್ತು. "ಬಾರೋ, ಕುಂದ್ರ ಬಾ," ಎಂದರು ಕಾಕಾ. ನಮ್ಮವರು ಬಂದು ನನ್ನ ಪಕ್ಕ ಕೂತರು. ಆಮೇಲೆ ಹೇಳಿದರು: "ಅದರ ಅಂಗಾಲು ನಾ ಮುಟ್ಟಿದ್ದೆ. ಬೆಚ್ಚಗಿತ್ತು."

ಹೊರಗೆ ಬೀಗದ ಕೈಗಳ ಸದ್ದಾಯಿತು. ಕಾವಲುಗಾರ ಬಾಗಿಲಲ್ಲಿ ನಿಂತಿದ್ದ. "ಟೈಮ್ ಆತ್ರಿ. ನಡೀರಿ ನಡೀರಿ, ಬಂದ್ ಮಾಡಬೇಕು."

ಕಾಕಾ ಕೂತಲ್ಲಿಂದ ಏಳಲಿಲ್ಲ. "ಒಂದ ಸ್ವಲ್ಪ ತಡೀ ತಮ್ಮಾ. ನಮ್ಮ ಮನ್ಯಾಗ ತೀರಕೊಂಡಾರ. ಮಾತಾಡಾಕತ್ತೇವಿ."

ಅವನು ಗಲಿಬಿಲಿಗೊಂಡ. ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದ. ಆಮೇಲೆ ದನಿ ಇಳಿಸಿ ಕೇಳಿದ: "ಯಾರ್ರಿ ಅಜ್ಜಾರ?"

"ನನ್ನ ಮೊಮ್ಮಗಳು," ಎಂದರು ಕಾಕಾ.

ಅವನು ಬೀಗದ ಕೈಗಳನ್ನು ಜೇಬಿಗೆ ಹಾಕಿಕೊಂಡ. ಟೋಪಿ ತೆಗೆದು, ನಮ್ಮ ಕಡೆ ಬೆನ್ನು ಮಾಡಿ ಹೊಸ್ತಿಲ ಮೇಲೆ ಕೂತ.

ಕಾಕಾ ಮತ್ತೆ ನನ್ನ ಕಡೆ ತಿರುಗಿದರು. "ಹೂಂ, ಹೇಳವ್ವಾ."

ನಾನು ಹೇಳತೊಡಗಿದೆ.